ಇರಾನಿನಲ್ಲಿ ಸಿಗದ ಇರಾನಿ ಚಹಾ: ಹೈದರಾಬಾದಿನ ಮೂಲೆ ಹೋಟೆಲುಗಳ ಕಥೆ

ಇವತ್ತಿನ ಮಾತನ್ನು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನೀವು ಇರಾನ್ ದೇಶಕ್ಕೇ ಹೋಗಿ, ಅಲ್ಲಿನ ಒಂದು ಹೋಟೆಲಿನಲ್ಲಿ ಕೂತು, "ಒಂದು ಇರಾನಿ ಚಹಾ ಕೊಡಿ" ಅಂದ್ರೆ ಏನು ಸಿಗುತ್ತೆ? ಸಣ್ಣ ಗಾಜಿನ ಲೋಟದಲ್ಲಿ ಹಾಲು ಹಾಕದ ಕೆಂಪು ಚಹಾ ಬರುತ್ತೆ. ಜೊತೆಗೆ ಗಟ್ಟಿ ಸಕ್ಕರೆಯ ತುಂಡು. ಅದನ್ನು ಹಲ್ಲಿನ ನಡುವೆ ಇಟ್ಟುಕೊಂಡು ಚಹಾ ಹೀರಬೇಕು. ಹೈದರಾಬಾದಿನಲ್ಲಿ ನಾವು ಕುಡಿಯುವ ಆ ದಪ್ಪ ಹಾಲಿನ, ಸಿಹಿ ಸಿಹಿ, ಇಟ್ಟಿಗೆ ಬಣ್ಣದ ಚಹಾ ಅಲ್ಲಿ ಇಲ್ಲ.

ಹಾಗಾದ್ರೆ ಇದು ಎಲ್ಲಿಯ ಚಹಾ? ಈ ಪ್ರಶ್ನೆ ಹಿಡಿದು ಹೊರಟರೆ ಚಹಾಕ್ಕಿಂತ ದೊಡ್ಡ ವಿಷಯಕ್ಕೆ ಬಂದು ನಿಲ್ಲುತ್ತೇವೆ. ಒಂದು ಊರಿನಲ್ಲಿ ಯಾರು ಯಾರ ಪಕ್ಕ ಕೂತು ತಿನ್ನಬಹುದು ಅನ್ನೋ ವಿಷಯ ಅದು.

ಮೊದಲು ಸ್ವಲ್ಪ ದೂರದ ಒಂದು ಉದಾಹರಣೆ. 1880ರಿಂದ 1924ರ ತನಕ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ವಲಸೆ ಹೋದರು. ಹೆಚ್ಚಿನವರು ದಕ್ಷಿಣ ಇಟಲಿಯ ಬಡ ರೈತರು, ಕೂಲಿಗಳು. ಅಲ್ಲಿ ಅವರಿಗೆ ಸಿಕ್ಕಿದ್ದು ಮರ್ಯಾದೆಯಲ್ಲ. 1891ರಲ್ಲಿ ನ್ಯೂ ಓರ್ಲಿಯನ್ಸ್ ಊರಿನಲ್ಲಿ ಜನ ಗುಂಪುಗೂಡಿ 11 ಇಟಾಲಿಯನ್ನರನ್ನು ಕೊಂದರು. ಇವರ ಅಡುಗೆಯ ಬೆಳ್ಳುಳ್ಳಿ ವಾಸನೆಯೂ ಬೈಗುಳದ ವಸ್ತುವಾಗಿತ್ತು. ಆದರೆ ಇದೇ ಜನ ಬೀದಿ ಮೂಲೆಗಳಲ್ಲಿ ಸಣ್ಣ ಹೋಟೆಲು ತೆರೆದರು. 1905ರಲ್ಲಿ ನ್ಯೂಯಾರ್ಕಿನಲ್ಲಿ ಲೊಂಬಾರ್ಡಿ ಪಿಜ್ಜಾ ಮಾರತೊಡಗಿತು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ, ಇಟಾಲಿಯನ್ನರ ಹೋಟೆಲುಗಳಲ್ಲಿ ಮನೆಯಲ್ಲೇ ಮಾಡಿದ ವೈನು ಸಿಗುತ್ತೆ ಅಂತ ಬೇರೆಯವರೂ ಹೋಗತೊಡಗಿದರು. ವೈನಿಗೆ ಹೋದವರು ಊಟ ಮಾಡಿ ಬಂದರು.

ಆ ಹೋಟೆಲುಗಳಲ್ಲಿ ಹೆಸರು ಮಾಡಿದ್ದು ಯಾವುದು? ದೊಡ್ಡ ಮಾಂಸದುಂಡೆ ಹಾಕಿದ ಸ್ಪಗೆಟಿ. ಇಟಲಿಯಲ್ಲಿ ಹಾಗೆ ಒಂದೇ ತಟ್ಟೆಯಲ್ಲಿ ತಿನ್ನುವ ರೂಢಿಯೇ ಇರಲಿಲ್ಲ. ತಾಯ್ನಾಡಿನಲ್ಲಿ ಮಾಂಸ ಅಪರೂಪ, ಅಮೆರಿಕದಲ್ಲಿ ಅಗ್ಗ. ಹಳೆಯ ನೆನಪು, ಹೊಸ ಪೇಟೆ, ಎರಡೂ ಸೇರಿ ಹುಟ್ಟಿದ ತಿನಿಸು ಅದು. ಹೆಸರು ಮಾತ್ರ ಇಟಲಿಯದು. ಇವತ್ತು ಅಮೆರಿಕದ ಯಾವ ಬಡಾವಣೆಗೆ ಹೋದರೂ ಇಂಥದ್ದೊಂದು ಇಟಾಲಿಯನ್ ಹೋಟೆಲು ಇರುತ್ತೆ, ಮನೆಮಂದಿಯೆಲ್ಲ ಆರಾಮಾಗಿ ಹೋಗಿ ಕೂರುತ್ತಾರೆ.

ನಮ್ಮ ಕಡೆ ಇದಕ್ಕೆ ಸರಿಯಾದ ಜೋಡಿ ಹೈದರಾಬಾದಿನ ಇರಾನಿ ಹೋಟೆಲು. ಅದರ ಕಥೆಗೆ ಕರ್ನಾಟಕದ ನೆಲವೂ ಬೇಕು.

ದಖ್ಖನಿಗೆ ಇರಾನಿಗಳು ಹೊಸಬರಲ್ಲ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಕಲಬುರಗಿ ಅದರ ರಾಜಧಾನಿಯಾಯಿತು, ಆಮೇಲೆ ಬೀದರ್. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗಾವಾನ್ ಬಂದದ್ದು ಇರಾನಿನ ಗಿಲಾನ್ ಪ್ರಾಂತದಿಂದ, ಕ್ಯಾಸ್ಪಿಯನ್ ಸಮುದ್ರದ ದಂಡೆಯಿಂದ. 1472ರ ಆ ಕಟ್ಟಡದ ಮೇಲಿನ ನೀಲಿ ಹೆಂಚುಗಳು ಇವತ್ತಿಗೂ ಅಲ್ಲಲ್ಲಿ ಉಳಿದಿವೆ. ಬೀದರಿಗೆ ಹೋದವರು ನೋಡಿರುತ್ತೀರಿ. ಬಹಮನಿಗಳು ಚೂರಾದ ಮೇಲೆ ಗೋಲ್ಕೊಂಡವನ್ನು ಆಳಿದ ಕುತುಬ್ ಶಾಹಿಗಳ ಮೂಲವೂ ಇರಾನಿನ ಹಮದಾನ್ ಕಡೆ. 1591ರಲ್ಲಿ ಚಾರ್ಮಿನಾರ್ ಕಟ್ಟಿಸಿದವರು ಅವರೇ. ಮುಂದೆ ನಿಜಾಮರ ಕಾಲದಲ್ಲೂ 1880ರ ದಶಕದವರೆಗೆ ಕಚೇರಿ ಭಾಷೆ ಪಾರ್ಸಿಯೇ. ಆಮೇಲೆ ಉರ್ದು ಬಂತು.

ಆದರೆ ಹೋಟೆಲು ಇಟ್ಟ ಇರಾನಿಗಳು ಮಂತ್ರಿಗಳಲ್ಲ, ಕವಿಗಳಲ್ಲ, ಹೊಟ್ಟೆಪಾಡಿಗೆ ಬಂದ ಸಾಮಾನ್ಯರು. 1870ರಿಂದ 72ರವರೆಗೆ ಇರಾನಿನಲ್ಲಿ ಭೀಕರ ಬರ ಬಿತ್ತು. ಆ ಕಾಲದಿಂದ 20ನೇ ಶತಮಾನದ ಮೊದಲರ್ಧದವರೆಗೆ ಯಜ್ದ್ ಮುಂತಾದ ಒಣ ಪ್ರದೇಶಗಳಿಂದ ಜನ ಮುಂಬಯಿಗೆ ಬರುತ್ತಲೇ ಇದ್ದರು. ಮುಂಬಯಿಯ ಇರಾನಿ ಹೋಟೆಲಿನವರಲ್ಲಿ ಹೆಚ್ಚಿನವರು ಜರತುಷ್ಟ್ರ ಧರ್ಮದವರು. ಅಲ್ಲಿನ ಕಯಾನಿ ಹೋಟೆಲು 1904ರದ್ದು. ಹೈದರಾಬಾದಿಗೆ ಬಂದವರಲ್ಲಿ ಶಿಯಾ ಮುಸಲ್ಮಾನರೇ ಹೆಚ್ಚು.

ಅವರು ಬಂದ ದಾರಿ ನೋಡಿ. 1874ರಲ್ಲಿ ನಿಜಾಮರ ರೈಲು ಶುರುವಾಯಿತು, ವಾಡಿಯಿಂದ ಸಿಕಂದರಾಬಾದಿಗೆ. ನಮ್ಮ ಕಲಬುರಗಿ ಜಿಲ್ಲೆಯ ವಾಡಿಯೇ ಅದು. ಮುಂಬಯಿ-ರಾಯಚೂರು ದೊಡ್ಡ ಲೈನಿಗೆ ಹೈದರಾಬಾದಿನ ಕೊಂಡಿ ಅಲ್ಲಿತ್ತು. ಅಂದ್ರೆ ಮುಂಬಯಿಂದ ರೈಲಿನಲ್ಲಿ ಹೈದರಾಬಾದಿಗೆ ಹೊರಟ ಇರಾನಿ ಹುಡುಗ ಕಲಬುರಗಿ, ಶಹಾಬಾದ್ ದಾಟಿ, ವಾಡಿಯ ಮೂಲಕವೇ ಹೋಗಬೇಕಿತ್ತು. ತೊಗರಿ ಹೊಲಗಳನ್ನು ನೋಡುತ್ತಾ ಹೋದ ಹುಡುಗರು ಮುಂದೆ ಯಾರದೋ ನೆಂಟರ ಹೋಟೆಲಿನಲ್ಲಿ ಕಪ್ಪು ತೊಳೆದು, ಗಲ್ಲಾದ ಮೇಲೆ ಕೂರುವಷ್ಟು ಬೆಳೆದರು. ಎಷ್ಟೋ ಹೋಟೆಲುಗಳು ಪಾಲುದಾರಿಕೆಯಲ್ಲಿ ನಡೆದವು. ಅಬಿಡ್ಸ್‌ನ ಗ್ರ್ಯಾಂಡ್ ಹೋಟೆಲು 1935ರದ್ದು. ಸಿಕಂದರಾಬಾದಿನ ಪ್ಯಾರಡೈಸ್ 1953ರಲ್ಲಿ ಒಂದು ಸಿನಿಮಾ ಟಾಕೀಸಿನ ಕ್ಯಾಂಟೀನಿನಂತೆ ಶುರುವಾಯಿತು. ಬಶೀರ್‌ಬಾಗ್‌ನ ಕೆಫೆ ಬಹಾರ್ 1973ರದ್ದು.

ಈಗ ಚಹಾಕ್ಕೆ ಬರೋಣ. ನಮ್ಮ ದೇಶದ ಸಾಮಾನ್ಯ ಜನ ತಲೆತಲಾಂತರದಿಂದ ಚಹಾ ಕುಡೀತಿದ್ರು ಅಂತ ಅನಿಸುತ್ತೆ ಅಲ್ವಾ? ಹಾಗೇನಿಲ್ಲ. ಬ್ರಿಟಿಷರು ಬೆಳೆಸಿದ ಚಹಾ ಬಹುಪಾಲು ಹಡಗು ಹತ್ತಿ ಹೋಗ್ತಿತ್ತು. 1903ರಲ್ಲಿ ಚಹಾ ಸೆಸ್ ಕಾಯ್ದೆ ಮಾಡಿ, ಆ ಹಣದಲ್ಲಿ ಪ್ರಚಾರ ಶುರು ಮಾಡಿದರು. ಮುಂದೆ ರೈಲ್ವೆ ಸ್ಟೇಷನ್ನು, ಸಂತೆ, ಜಾತ್ರೆಗಳಲ್ಲಿ ಚಹಾದ ರುಚಿ ಹತ್ತಿಸಿದರು. ಇರಾನಿ ಹೋಟೆಲುಗಳು ಬೆಳೆದದ್ದೂ ಇದೇ ಕಾಲದಲ್ಲಿ. ಜನಕ್ಕೆ ಚಹಾ ಹೊಸದು, ಹೋಟೆಲಿನವನೂ ಹೊಸಬ.

ಇಲ್ಲೊಂದು ಸ್ವಾರಸ್ಯ ಇದೆ. ಇರಾನಿನ ಚಹಾ ಅಂಗಡಿಯನ್ನು ಅಲ್ಲಿಯವರು ಇವತ್ತಿಗೂ 'ಕಹ್ವೆಖಾನೆ' ಅಂತಾರೆ, ಅಂದ್ರೆ ಕಾಫಿ ಮನೆ. ಹೆಸರು ಕಾಫಿಯದು, ಕೊಡೋದು ಚಹಾ. 1900ರ ಸುಮಾರಿಗೆ ಕಾಶೆಫ್ ಅಲ್ ಸಲ್ತನೆ ಎಂಬ ಇರಾನಿ ರಾಯಭಾರಿ ಭಾರತದಲ್ಲಿದ್ದಾಗ ಕಾಂಗ್ರಾ ಕಣಿವೆಯಲ್ಲಿ ಚಹಾ ಬೇಸಾಯ ಕಲಿತು, ಸಸಿಗಳನ್ನು ಇರಾನಿನ ಲಾಹಿಜಾನ್‌ಗೆ ಒಯ್ದ. ಲಾಹಿಜಾನ್ ಇರೋದು ಗಿಲಾನ್ ಪ್ರಾಂತದಲ್ಲಿ. ಬೀದರಿಗೆ ಗಾವಾನನನ್ನು ಕಳಿಸಿದ ಅದೇ ಗಿಲಾನ್! ಅವರು ನಮಗೊಬ್ಬ ಮಂತ್ರಿಯನ್ನು ಕೊಟ್ಟರು, ನಾಲ್ಕು ನೂರು ವರ್ಷ ಬಿಟ್ಟು ನಾವು ಅವರಿಗೆ ಚಹಾ ಗಿಡ ಕೊಟ್ಟೆವು.

ಹಾಗಾದ್ರೆ ಹೈದರಾಬಾದಿನ ಚಹಾದಲ್ಲಿ ಇರಾನಿನದ್ದು ಏನೂ ಇಲ್ವಾ? ಮಾಡೋ ಕ್ರಮದಲ್ಲಿ ಇದೆ ಅಂತ ನನ್ನ ಊಹೆ. ನಮ್ಮ ಮನೆಗಳಲ್ಲಿ ನೀರು, ಪುಡಿ, ಹಾಲು, ಸಕ್ಕರೆ ಎಲ್ಲ ಒಂದೇ ಪಾತ್ರೆಗೆ ಹಾಕಿ ಕುದಿಸ್ತೀವಿ. ಇರಾನಿನಲ್ಲಿ ಹಾಗಲ್ಲ. ಸಮೋವಾರ್ ಅನ್ನೋ ನೀರು ಕಾಯಿಸುವ ಹಂಡೆಯ ತಲೆಯ ಮೇಲೆ ಒಂದು ಸಣ್ಣ ಕೆಟಲು, ಅದರಲ್ಲಿ ಗಟ್ಟಿ ಚಹಾ. ಕುಡಿಯುವಾಗ ಲೋಟಕ್ಕೆ ಸ್ವಲ್ಪ ಗಟ್ಟಿ ಚಹಾ ಹಾಕಿ, ಮೇಲೆ ಬಿಸಿನೀರು ಬಿಡ್ತಾರೆ. ಹೈದರಾಬಾದಿನ ಹೋಟೆಲಿನಲ್ಲಿ ದೊಡ್ಡ ಪಾತ್ರೆಯ ಬಾಯಿ ಮುಚ್ಚಿ, ಸಣ್ಣ ಉರಿಯಲ್ಲಿ ದಮ್ ಕೊಟ್ಟು ಡಿಕಾಕ್ಷನ್ ತೆಗೀತಾರೆ. ಇನ್ನೊಂದು ಪಾತ್ರೆಯಲ್ಲಿ ಹಾಲು ಕಾದು ಕಾದು ದಪ್ಪ ಆಗ್ತಿರುತ್ತೆ. ಎರಡೂ ಸೇರೋದು ನಿಮ್ಮ ಕಪ್ಪಿನಲ್ಲೇ. ಬಿಸಿನೀರಿನ ಜಾಗಕ್ಕೆ ಹಾಲು ಬಂತು, ಅಷ್ಟೆ. ನಮಗೆ ಇದನ್ನು ಅರ್ಥ ಮಾಡ್ಕೊಳ್ಳೋದು ಸುಲಭ, ಯಾಕಂದ್ರೆ ಫಿಲ್ಟರ್ ಕಾಫಿಯ ಲೆಕ್ಕವೂ ಇದೇ. ಹೋಟೆಲಿಗೂ ಇದು ಅನುಕೂಲ: ಗಿರಾಕಿ ಕೂತ ಒಂದು ನಿಮಿಷಕ್ಕೆ ಚಹಾ ರೆಡಿ, ಖಡಕ್ ಬೇಕಾದವರಿಗೆ ಖಡಕ್, ಹಾಲು ಜಾಸ್ತಿ ಬೇಕಾದವರಿಗೆ ಹಾಲು ಜಾಸ್ತಿ.

ಜೊತೆಗೆ ಬರುವ ತಿಂಡಿಗಳೂ ಹೀಗೆ ಬೆರಕೆ. ಉಪ್ಪು-ಸಿಹಿ ಎರಡೂ ಇರುವ ಉಸ್ಮಾನಿಯಾ ಬಿಸ್ಕತ್ತಿಗೆ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು. ಉಸ್ಮಾನಿಯಾ ಆಸ್ಪತ್ರೆಯ ರೋಗಿಗಳಿಗೆ ಕೊಡಲು ಮಾಡಿದ್ದು ಅಂತ ಕೆಲವರು, ಸ್ವತಃ ನಿಜಾಮರಿಗೇ ಮಾಡಿದ್ದು ಅಂತ ಇನ್ನು ಕೆಲವರು ಹೇಳ್ತಾರೆ. ಉಳ್ಳಾಗಡ್ಡಿ ತುಂಬಿದ ಸಣ್ಣ ಸಮೋಸ, ಬನ್ ಮಸ್ಕಾ, ಚೌಕಾಕಾರದ ಲುಕ್ಮಿ. ಎಷ್ಟೋ ಕಡೆ ಸಮೋಸದ ತಟ್ಟೆಯನ್ನು ಕೇಳದೆಯೇ ತಂದು ಮೇಜಿನ ಮೇಲೆ ಇಡ್ತಾರೆ. ತಿಂದಷ್ಟಕ್ಕೆ ದುಡ್ಡು. ಉಳಿದದ್ದು ಮುಂದಿನ ಮೇಜಿಗೆ ಹೋಗುತ್ತೆ.

ಈ ಕೊನೇ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಒಬ್ಬರ ಮುಂದೆ ಇಟ್ಟ ತಟ್ಟೆ ಇನ್ನೊಬ್ಬರ ಮೇಜಿಗೆ ಹೋಗುತ್ತೆ. ಒಬ್ಬರು ಕುಡಿದ ಕಪ್ಪು-ಬಸಿ ತೊಳೆದು ಇನ್ನೊಬ್ಬರಿಗೆ ಬರುತ್ತೆ. ಆ ಇನ್ನೊಬ್ಬರು ಯಾರು ಅಂತ ಯಾರೂ ಕೇಳೋದಿಲ್ಲ. ಇವತ್ತು ನಮಗೆ ಇದು ವಿಶೇಷ ಅನ್ನಿಸಲ್ಲ. ಆದರೆ ಆ ಕಾಲದ ಊರುಗಳನ್ನು ನೆನೆಸಿಕೊಳ್ಳಿ.

ನಮ್ಮ ಉತ್ತರ ಕರ್ನಾಟಕದಲ್ಲಿ ಹೊರಗೆ ಊಟ ಅಂದ್ರೆ ಖಾನಾವಳಿ. ಬೋರ್ಡಿನ ಮೇಲೇ ಜಾತಿ: ಬ್ರಾಹ್ಮಣರ ಖಾನಾವಳಿ, ಲಿಂಗಾಯತ ಖಾನಾವಳಿ. ಎರಡನೆಯ ಬೋರ್ಡು ಈಗಲೂ ಹೆದ್ದಾರಿಗಳಲ್ಲಿ ಕಾಣಿಸುತ್ತೆ. ಕರಾವಳಿಯಿಂದ ಹೋಗಿ ದೇಶಕ್ಕೆಲ್ಲ ಇಡ್ಲಿ-ದೋಸೆ ಉಣಿಸಿದ ಉಡುಪಿ ಹೋಟೆಲುಗಳ ಸಾಧನೆ ದೊಡ್ಡದು, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ 1930ರ ದಶಕದ ಮದರಾಸಿನ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇತ್ತು ಅನ್ನೋದೂ ಇತಿಹಾಸವೇ. 1957ರಲ್ಲಿ ಪೆರಿಯಾರ್ ಅವರ ಕಡೆಯವರು ಮದರಾಸಿನ ಟ್ರಿಪ್ಲಿಕೇನಿನ ಒಂದು ಹೋಟೆಲಿನ ಮುಂದೆ ನಿಂತು, ಬೋರ್ಡಿನಿಂದ 'ಬ್ರಾಹ್ಮಣ' ಅನ್ನೋ ಪದ ತೆಗೀಬೇಕು ಅಂತ ದಿನಗಟ್ಟಲೆ ಚಳವಳಿ ಮಾಡಿದರು. ಹಳ್ಳಿಗಳ ಚಹಾ ಅಂಗಡಿಯಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಅದಾದ ಎಷ್ಟೋ ದಶಕದ ನಂತರವೂ ಸುದ್ದಿಯಾಗುತ್ತಲೇ ಬಂದಿದೆ.

ನಮ್ಮ ಸಂವಿಧಾನದ 15ನೇ ವಿಧಿ ಓದಿ ನೋಡಿ. ಧರ್ಮ, ಜಾತಿ, ಲಿಂಗ, ಹುಟ್ಟಿದ ಜಾಗ ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳಿಂದ ದೂರ ಇಡಬಾರದು ಅಂತ ಅದರಲ್ಲಿ ಹೆಸರು ಹಿಡಿದೇ ಹೇಳಿದ್ದಾರೆ. ದೇಶದ ಅತಿ ದೊಡ್ಡ ಕಾನೂನಿನಲ್ಲಿ ಹೋಟೆಲಿನ ಪ್ರಸ್ತಾಪ ಬರಬೇಕಾದರೆ, ಹೋಟೆಲಿನ ಬಾಗಿಲು ಅಷ್ಟು ಗಟ್ಟಿಯಾಗಿ ಮುಚ್ಚಿತ್ತು ಅಂತಲೇ ಅರ್ಥ.

ಇರಾನಿಯ ಬಾಗಿಲು ಯಾಕೆ ತೆರೆದಿತ್ತು? ಅವನು ದೊಡ್ಡ ಸಮಾಜ ಸುಧಾರಕ ಅಂತೇನೂ ಅಲ್ಲ. ಹೊರಗಿನಿಂದ ಬಂದವನಿಗೆ ನಮ್ಮ ಜಾತಿಯ ಏಣಿಯಲ್ಲಿ ಮೆಟ್ಟಿಲೇ ಇರಲಿಲ್ಲ. ಒಬ್ಬರನ್ನು ಒಳಗೆ ಬಿಟ್ಟರೆ ಅವನ ಮಡಿ ಕೆಡೋದಿಲ್ಲ, ಹೊರಗಿಟ್ಟರೆ ಮಾತ್ರ ಗಲ್ಲಾ ಕೆಡುತ್ತೆ. ಮೂಲೆ ನಿವೇಶನ ಅಶುಭ ಅಂತ ಹಿಂದೂ ವ್ಯಾಪಾರಿಗಳು ಬಿಟ್ಟದ್ದನ್ನು ಇರಾನಿಗಳು ಹಿಡಿದರು ಅಂತ ಒಂದು ಮಾತಿದೆ. ಅದು ಎಷ್ಟು ನಿಜವೋ, ಮೂಲೆಯ ಲಾಭ ಮಾತ್ರ ನಿಜ: ಎರಡು ರಸ್ತೆಗೆ ಎರಡು ಬಾಗಿಲು, ಎರಡೂ ಕಡೆಯ ಜನ.

ಮತ್ತೆ ಹೈದರಾಬಾದು ಎಂಥ ಊರು? 1956ರ ನವೆಂಬರ್ 1ರವರೆಗೆ ಅದು ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಭಾಷೆಯವರ ರಾಜಧಾನಿ. ಬೀದರ್, ಕಲಬುರಗಿ, ರಾಯಚೂರಿನ ನಮ್ಮ ಜನರಿಗೆ ಹೈಕೋರ್ಟು ಅಂದ್ರೆ ಹೈದರಾಬಾದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಅಂದ್ರೆ ಹೈದರಾಬಾದು. ಅಲ್ಲೇ ನೆಲೆಸಿದವರೂ ಬಹಳ. ಕಾಚಿಗೂಡದಲ್ಲಿರುವ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಆ ನೆಲೆಯ ಗುರುತುಗಳು. ಹೀಗೆ ಜಿಲ್ಲೆಗಳಿಂದ ಬಂದವರು ಕೇಸಿನ ತಾರೀಖಿಗೋ ಸಾಹೇಬರ ಸಹಿಗೋ ಕಾಯುವಾಗ ಎಲ್ಲಿ ಕೂರಬೇಕು? ನೆಂಟರ ಮನೆ ಇದ್ದವರಿಗೆ ನೆಂಟರ ಮನೆ. ಇಲ್ಲದವರಿಗೆ ಮೂಲೆ ಹೋಟೆಲು. ಒಂದು ಚಹಾ ತಗೊಂಡರೆ ತಾಸುಗಟ್ಟಲೆ ಕುರ್ಚಿ ನಿಮ್ಮದು. ಅಬಿಡ್ಸ್‌ನ ಓರಿಯಂಟ್ ಹೋಟೆಲಿನಲ್ಲಿ ಕವಿ, ಕಮ್ಯುನಿಸ್ಟ್ ನಾಯಕ ಮಖ್ದೂಮ್ ಮೊಹಿಯುದ್ದೀನ್ ಅಂಥವರು ಕೂತು ಹರಟೆ ಹೊಡೀತಿದ್ದರು. ಅವರ ಕುರ್ಚಿಯ ಬೆಲೆಯೂ ಒಂದು ಚಹಾನೇ.

ಇಷ್ಟು ಹೇಳಿ, ಹಳೇ ಹೈದರಾಬಾದು ಸ್ವರ್ಗವಾಗಿತ್ತು ಅಂತ ನಾನು ಮುಗಿಸಿಬಿಟ್ಟರೆ ಅದು ಅರ್ಧ ಇತಿಹಾಸ. 1934ರಲ್ಲಿ ಅಂಬೇಡ್ಕರ್ ಮತ್ತು ಅವರ ಸಂಗಡಿಗರು ನಿಜಾಮರ ರಾಜ್ಯದ ದೌಲತಾಬಾದ್ ಕೋಟೆಗೆ ಹೋದಾಗ, ಬಾಗಿಲ ಬಳಿಯ ನೀರಿನ ತೊಟ್ಟಿಯಲ್ಲಿ ಕೈಕಾಲು ತೊಳೆದದ್ದಕ್ಕೆ ಅಲ್ಲಿನ ಮುಸಲ್ಮಾನರೇ ಗಲಾಟೆ ಎಬ್ಬಿಸಿದರು. ಅಂಬೇಡ್ಕರ್ ಅದನ್ನು ತಾವೇ ಬರೆದಿಟ್ಟಿದ್ದಾರೆ. ಅಸ್ಪೃಶ್ಯತೆ ಹಿಂದೂಗಳಲ್ಲಷ್ಟೇ ಇತ್ತು ಅಂತ ಹೇಳೋ ಹಾಗಿಲ್ಲ. ಇನ್ನು ಇರಾನಿ ಹೋಟೆಲಿನ ದೊಡ್ಡ ಹಾಲ್ ಗಂಡಸರದ್ದೇ. ಹೆಂಗಸರು ಬಂದರೆ ಪರದೆ ಹಾಕಿದ 'ಫ್ಯಾಮಿಲಿ ರೂಮು'. ಒಬ್ಬಳೇ ಹೆಂಗಸು ಮುಂದಿನ ಮೇಜಿನಲ್ಲಿ ಕೂತು ಒಂದು ಚಹಾಕ್ಕೆ ಒಂದು ತಾಸು ಪೇಪರ್ ಓದೋ ಹಕ್ಕು ಆ ಹೋಟೆಲುಗಳು ಕೊಟ್ಟಿರಲಿಲ್ಲ. ಜಾತಿಗೆ ತೆರೆದ ಬಾಗಿಲು ಹೆಣ್ಣಿಗೆ ಅರ್ಧ ಮಾತ್ರ ತೆರೆದಿತ್ತು.

ಸರಿ, ಒಂದು ಚಹಾಕ್ಕೆ ಒಂದು ತಾಸು ಕುರ್ಚಿ ಕೊಟ್ಟು ಹೋಟೆಲು ಉಳಿಯೋದು ಹೇಗೆ? ಇದರ ಹಿಂದೆ ಲೆಕ್ಕ ಇದೆ. ಜಾಗ ಹಳೇ ಬಾಡಿಗೆಯದ್ದು, 1960ರ ಆಂಧ್ರಪ್ರದೇಶ ಬಾಡಿಗೆ ನಿಯಂತ್ರಣ ಕಾಯ್ದೆಯ ಆಸರೆಯೂ ಇತ್ತು. ಚಹಾದ ಲಾಭ ಸಣ್ಣದು, ಆದರೆ ಬೆಳಗಿನಿಂದ ರಾತ್ರಿವರೆಗೆ ಕಪ್ಪು ಖಾಲಿಯಾಗೋದಿಲ್ಲ. ಬಿಸ್ಕತ್ತಿನ ಗಾಜಿನ ಡಬ್ಬಿ, ಮಧ್ಯಾಹ್ನದ ಬಿರಿಯಾನಿ, ಬಾಗಿಲ ಪಕ್ಕದ ಪಾನ್ ಡಬ್ಬಿ, ಎಲ್ಲ ಸೇರಿ ಆ ಕುರ್ಚಿಯ ಖರ್ಚು ಹೊರುತ್ತಿದ್ದವು.

ನೆಲದ ಬೆಲೆ ಏರಿದಾಗ ಆ ಲೆಕ್ಕ ಮುರಿಯಿತು. ಮೂಲೆ ನಿವೇಶನಕ್ಕೆ ಈಗ ಎಲ್ಲರಿಗಿಂತ ಹೆಚ್ಚು ಬೆಲೆ. ರಸ್ತೆ ಅಗಲ ಮಾಡುವಾಗ ಮೊದಲು ಹೋಗೋದೂ ಮೂಲೆಯೇ. ಹೋಟೆಲಿನವರ ಮಕ್ಕಳು ಓದಿ ಬೇರೆ ಕೆಲಸ ಹಿಡಿದರು, ಕೆಲವರು ವಿದೇಶಕ್ಕೆ ಹೋದರು. ಒಂದೊಂದೇ ಹೋಟೆಲು ಬಟ್ಟೆ ಅಂಗಡಿಯೋ ಮೊಬೈಲು ಅಂಗಡಿಯೋ ಆಯಿತು.

ಆದರೆ ಚಹಾ ಸಾಯಲಿಲ್ಲ. ರೆಡ್ ಹಿಲ್ಸ್‌ನ ನಿಲೋಫರ್ ಆಸ್ಪತ್ರೆಯ ಹತ್ತಿರದ ಕೆಫೆ ನಿಲೋಫರ್ 1978ರಿಂದ ನಡೆದಿದೆ. ಅದರ ಮಾಲೀಕ ಬಾಬು ರಾವ್ ಇರಾನಿಯಲ್ಲ, ಆದಿಲಾಬಾದ್ ಕಡೆಯಿಂದ ಬರಿಗೈಯಲ್ಲಿ ಬಂದು, ಅದೇ ಹೋಟೆಲಿನಲ್ಲಿ ಕೆಲಸಗಾರರಾಗಿ ಸೇರಿ ಮೇಲೆ ಬಂದವರು. ನನಗೆ ಇದು ಈ ಕಥೆಯ ಅತ್ಯಂತ ಸಂತೋಷದ ಭಾಗ. ಇರಾನಿ ಚಹಾ ಈಗ ಯಾವ ಇರಾನಿಯ ಅಪ್ಪಣೆಯೂ ಇಲ್ಲದೆ ತೆಲುಗರ, ಉರ್ದು ಮಾತಾಡುವವರ, ನಮ್ಮ ಬೀದರ್-ಕಲಬುರಗಿ ಜನರ ಚಹಾ. ಇಟಲಿಯವರೇ ಅಲ್ಲದವರು ಅಮೆರಿಕದಲ್ಲಿ ಪಿಜ್ಜಾ ಅಂಗಡಿ ಇಟ್ಟ ಹಾಗೆ.

ಇನ್ನೊಂದು ಭಾಗ ಅಷ್ಟು ಸಂತೋಷದ್ದಲ್ಲ. ಹೊಸ ಅಂಗಡಿಗಳಲ್ಲಿ ಹೆಚ್ಚಿನವು ನಿಂತು ಕುಡಿಯುವಂಥವು. ಎದೆಮಟ್ಟದ ಮೇಜು, ಕಾಗದದ ಕಪ್ಪು, ಐದು ನಿಮಿಷಕ್ಕೆ ಜಾಗ ಖಾಲಿ. ಕೂರಬೇಕು ಅಂದ್ರೆ ಏಸಿ ಹಾಲಿಗೆ ಹೋಗಿ, ಅಲ್ಲಿ ಚಹಾದ ಬೆಲೆ ಬೇರೆ. ಅಲ್ಲಿ ಹೆಂಗಸರು ನಿರಾಳವಾಗಿ ಕೂರುತ್ತಾರೆ, ಅದು ದೊಡ್ಡ ಲಾಭ, ಒಪ್ಪಿಕೊಳ್ಳಲೇಬೇಕು. ಆದರೆ ಆಟೋ ಓಡಿಸೋರು, ತಾರೀಖಿಗೆ ಬಂದ ರೈತರು ಅಲ್ಲಿಗೆ ಹೋಗಲ್ಲ. ಅವರನ್ನು ಹೊರಗಿಡೋಕೆ ಬೋರ್ಡು ಬೇಕಾಗಿಲ್ಲ, ಬೆಲೆಪಟ್ಟಿ ಸಾಕು. 15ನೇ ವಿಧಿ ಜಾತಿಯ ಬೋರ್ಡನ್ನು ತಡೆಯುತ್ತೆ, ಬೆಲೆಪಟ್ಟಿಯನ್ನು ತಡೆಯೋದಿಲ್ಲ.

ಚಹಾ ಎಲ್ಲಿಯದು ಅಂತ ಶುರುವಿನಲ್ಲಿ ಕೇಳಿದ್ದೆ. ಕಾಯಿಸುವ ಕ್ರಮ ಇರಾನಿನದು ಇರಬಹುದು, ಎಲೆ ಅಸ್ಸಾಮಿನದು, ಹಾಲು ಇಲ್ಲಿಯ ಎಮ್ಮೆಗಳದ್ದು. ಮೂರನ್ನೂ ಸೇರಿಸಿದ್ದು ಆ ಮೂಲೆಯ ಮೇಜು. ಚಹಾ ಪುಡಿ ಈಗ ಪೊಟ್ಟಣದಲ್ಲಿ ಸಿಗುತ್ತೆ, ಬಿಸ್ಕತ್ತು ವಿಮಾನ ಹತ್ತಿ ಹೋಗುತ್ತೆ. ಮೇಜು ಹಾಗೆ ಹೋಗೋದಿಲ್ಲ. ಗುರುತಿಲ್ಲದ ನಾಲ್ಕು ಜನ ಒಂದೇ ಕಪ್ಪು-ಬಸಿಯ ವ್ಯವಸ್ಥೆಯಲ್ಲಿ ಕೂರುವ ಜಾಗವನ್ನು ಪ್ರತಿ ಊರೂ ತಾನೇ ಉಳಿಸಿಕೊಳ್ಳಬೇಕು.

ನಿಮ್ಮ ಊರಿನಲ್ಲಿ ಒಂದು ಚಹಾ ಹೇಳಿ ಒಂದು ತಾಸು ಕೂರಬಹುದಾದ ಹೋಟೆಲು ಇನ್ನೂ ಇದೆಯಾ? ಅಲ್ಲಿ ಯಾರು ಯಾರು ಕೂರ್ತಾರೆ, ಯಾರು ಕೂರಲ್ಲ? ಈ ಸಲ ಹೋದಾಗ ಸುತ್ತ ಒಮ್ಮೆ ನೋಡಿ, ನನಗೂ ಬರೆದು ತಿಳಿಸಿ. ಹೈದರಾಬಾದಿಗೆ ಹೋದರೆ ಹಳೇ ಹೋಟೆಲು ಹುಡುಕಿ, ಕೂತೇ ಕುಡಿಯಿರಿ.